ವಿಡಿಯೊ ನಿಧಾನ ಮಾಡಿದರೆ ದನಿ ಯಾಕೆ ಕೆಡುತ್ತದೆ?

ಮಗಳು ವೀಣೆ ಕಲಿಯುತ್ತಿದ್ದಾಳೆ. ಕ್ಲಾಸ್ ಮುಗಿಯುವ ಹೊತ್ತಿಗೆ ಟೀಚರ್ ಅಂದಿನ ಪಾಠವನ್ನು ಒಮ್ಮೆ ಪೂರ್ತಿ ನುಡಿಸುತ್ತಾರೆ. ಇವಳು ಅದನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಬರುತ್ತಾಳೆ. ಮನೆಯಲ್ಲಿ ಸ್ಪೀಡನ್ನು 0.75ಕ್ಕೆ ಇಳಿಸಿ ಒಂದೊಂದೇ ಸಂಗತಿ ಹಿಡಿಯುವುದು ರೂಢಿ. ಮೊನ್ನೆ ಫೋನಿನ ಬದಲು ನನ್ನ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡಳು. ಐದೇ ನಿಮಿಷಕ್ಕೆ ಕೂಗು: "ಅಪ್ಪ, ಟೀಚರ್ ವೀಣೆ ನನ್ನ ವೀಣೆಗೆ ಸೇರ್ತಾನೇ ಇಲ್ಲ!"

ಹೋಗಿ ಕೇಳಿದರೆ ನಿಜ. ಟೀಚರ್ ಮೀಟಿದ ಷಡ್ಜ ಇವಳ ವೀಣೆಯ ಮಂದ್ರ ಪಂಚಮಕ್ಕೆ ಬಂದು ಕೂತಿದೆ. ತಪ್ಪು ಟೀಚರದ್ದಲ್ಲ, ವೀಣೆಯದ್ದೂ ಅಲ್ಲ. ನಾನೇ ಯಾವಾಗಲೋ ವಿಎಲ್‌ಸಿ ಪ್ಲೇಯರಿನ ಸೆಟ್ಟಿಂಗಿನಲ್ಲಿ ಕೈಯಾಡಿಸಿ ಒಂದು ಟಿಕ್ ತೆಗೆದಿದ್ದೆ.

ಸ್ಪೀಡು ಬದಲಿಸಿದಾಗ ದನಿ ಒಂದೇ ಥರ ಕೆಡುವುದಿಲ್ಲ, ಹಾಗಾಗಿ ಎಲ್ಲದಕ್ಕೂ ಒಂದೇ ಮದ್ದೂ ಇಲ್ಲ. ಸೆಟ್ಟಿಂಗ್ ಹುಡುಕುವ ಮುಂಚೆ ಸುಮ್ನೆ ಒಂದು ನಿಮಿಷ ಕಿವಿಗೊಟ್ಟು ಕೇಳಿ.

ಮೊದಲು 1ರಲ್ಲಿ ಕೇಳಿ

ಸ್ಪೀಡನ್ನು ಮಾಮೂಲಿ 1ಕ್ಕೆ ತನ್ನಿ. ಅಲ್ಲೂ ದನಿ ಕೆಟ್ಟಿದ್ದರೆ ಸ್ಪೀಡಿನ ತಪ್ಪೇ ಅಲ್ಲ. ಒಮ್ಮೆ ಹೀಗೇ ಅರ್ಧ ಗಂಟೆ ಪ್ಲೇಯರನ್ನು ಬೈದುಕೊಂಡು ಕೂತಿದ್ದೆ. ಆಮೇಲೆ ನೋಡಿದರೆ ಆಫೀಸಿನ ಮೀಟಿಂಗ್ ಹಿಂದೆ ಇನ್ನೂ ತೆರೆದೇ ಇತ್ತು. ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕ್ ಬಳಕೆಯಲ್ಲಿದ್ದರೆ ಅದು ಸಾಮಾನ್ಯವಾಗಿ ಫೋನ್ ಕರೆಯ ಮೋಡಿಗೆ ಇಳಿಯುತ್ತದೆ. ಆಗ ಎಂಥ ಸಂಗೀತವಾದರೂ ಡಬ್ಬಿಯೊಳಗಿಂದ ಬಂದ ಹಾಗಿರುತ್ತದೆ. ಮೀಟಿಂಗ್ ಮುಚ್ಚಿದೆ, ಸರಿಹೋಯಿತು.

ಶ್ರುತಿಯೇ ಬದಲಾಗಿದ್ದರೆ

ಸೆಲ್ ಇಳಿದ ಟೇಪ್ ರೆಕಾರ್ಡರ್ ನೆನಪಿದೆಯಾ? ಕ್ಯಾಸೆಟ್ ನಿಧಾನವಾದಂತೆ ಗಾಯಕಿಯ ದನಿ ಗಂಡಸಿನ ದನಿಯಾಗುತ್ತಿತ್ತು. ಇಲ್ಲೂ ಅದೇ ಕಥೆ. ಹಾಡುವವರು ಒಂದನೇ ಕಾಲದಿಂದ ಎರಡನೇ ಕಾಲಕ್ಕೆ ಹೋದರೂ ಶ್ರುತಿ ಕದಲುವುದಿಲ್ಲ, ಅಲ್ವಾ? ಯಂತ್ರಕ್ಕೆ ಅದು ತಾನಾಗಿ ಬರುವುದಿಲ್ಲ. 1.25ಕ್ಕೆ ಓಡಿಸಿದರೆ ಷಡ್ಜ ಅಂತರ ಗಾಂಧಾರಕ್ಕೆ ಏರುತ್ತದೆ, 1.5ಕ್ಕೆ ಪಂಚಮ, 2ಕ್ಕೆ ಮೇಲಿನ ಷಡ್ಜ. 0.75ಕ್ಕೆ ಇಳಿಸಿದರೆ ಕೆಳಗಿನ ಪಂಚಮ. ನಮ್ಮನೆಯಲ್ಲಿ ಆಗಿದ್ದೂ ಇದೇ.

ವಿಎಲ್‌ಸಿಯಲ್ಲಿ ಇದನ್ನು ತಡೆಯುವ ಟಿಕ್ ಹೀಗೆ ಸಿಗುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಕಂಟ್ರೋಲ್ ಮತ್ತು ಪಿ ಒಟ್ಟಿಗೆ ಒತ್ತಿ. ಪ್ರಿಫರೆನ್ಸಸ್ ತೆರೆಯುತ್ತದೆ. ಆಡಿಯೊ ಭಾಗಕ್ಕೆ ಹೋಗಿ 'ಎನೇಬಲ್ ಟೈಮ್ ಸ್ಟ್ರೆಚಿಂಗ್ ಆಡಿಯೊ' ಎಂಬಲ್ಲಿ ಟಿಕ್ ಹಾಕಿ, ಸೇವ್ ಮಾಡಿ. ಪ್ಲೇಯರನ್ನು ಒಮ್ಮೆ ಮುಚ್ಚಿ ತೆರೆಯಿರಿ. ಯೂಟ್ಯೂಬಿನಲ್ಲಿ ಈ ತಾಪತ್ರಯವಿಲ್ಲ, ಅದು ಶ್ರುತಿಯನ್ನು ತಾನೇ ಕಾಯುತ್ತದೆ. ಅಲ್ಲೂ ಶ್ರುತಿ ಜಾರಿದರೆ, ಸ್ಪೀಡು ಬದಲಿಸಲೆಂದು ಬ್ರೌಸರಿಗೆ ಹಾಕಿಕೊಂಡ ಎಕ್ಸ್‌ಟೆನ್ಶನ್ ಮೇಲೆ ನನ್ನ ಅನುಮಾನ. ಅದನ್ನು ಆಫ್ ಮಾಡಿ ನೋಡಿ.

ಶ್ರುತಿ ಸರಿಯಿದೆ, ದನಿ ನಡುಗುತ್ತಿದೆ

ಇದು ಸ್ವಲ್ಪ ಕಷ್ಟದ್ದು. ಟಿಕ್ ಹಾಕಿದ ಮೇಲೆ ಪ್ಲೇಯರ್ ಏನು ಮಾಡುತ್ತದೆ ಅಂತ ತಿಳಿದರೆ ಕಾರಣ ಗೊತ್ತಾಗುತ್ತದೆ. ಅದು ದನಿಯನ್ನು ಸಣ್ಣ ಸಣ್ಣ ತುಂಡು ಮಾಡುತ್ತದೆ. ವಿಎಲ್‌ಸಿಯಲ್ಲಿ ತುಂಡಿನ ಉದ್ದ ಮೊದಲಿಗೆ 30 ಮಿಲಿಸೆಕೆಂಡ್ ಅಂತ ಇರುತ್ತದೆ. ಬೇಗ ಓಡಿಸುವಾಗ ನಡುನಡುವೆ ಒಂದಿಷ್ಟು ಬಿಟ್ಟುಬಿಡುತ್ತದೆ. ನಿಧಾನ ಮಾಡುವಾಗ ಒಂದಿಷ್ಟನ್ನು ಎರಡೆರಡು ಸಲ ಕೇಳಿಸುತ್ತದೆ. ತುಂಡುಗಳ ಅಂಚು ಹೊಂದುವ ಜಾಗ ಹುಡುಕಿ ಬೆಸೆಯುತ್ತದೆ.

ಮಾತಿಗೆ ಇದು ಸಾಕು. 'ಆ' ಅಂತ ಎಳೆಯುವಾಗ ಒಂದೇ ಅಲೆ ಮತ್ತೆ ಮತ್ತೆ ಬರುತ್ತಿರುತ್ತದೆ, ಇನ್ನೆರಡು ಸೇರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮೃದಂಗದ ಪೆಟ್ಟು ಹಾಗಲ್ಲ. ಅದು ಬೀಳುವುದು ಒಂದೇ ಕ್ಷಣದಲ್ಲಿ. ಪೆಟ್ಟಿರುವ ತುಂಡೇ ಎರಡು ಸಲ ಬಂದರೆ 'ತ' ಇದ್ದದ್ದು 'ತತ' ಆಗುತ್ತದೆ. ಇನ್ನು ತಂಬೂರಿ, ವೀಣೆ, ಮೃದಂಗ ಎಲ್ಲವೂ ಒಟ್ಟಿಗಿದ್ದರೆ ಎಲ್ಲರ ಅಲೆಗೂ ಹೊಂದುವ ಒಂದೇ ಜಾಗ ಎಲ್ಲಿ ಸಿಗಬೇಕು? ಅಲ್ಲೇ ಆ ನಡುಕ, ಆ ಬಾವಿಯೊಳಗಿನ ಪ್ರತಿಧ್ವನಿ.

ಹಾಗಾಗಿ ಮೊದಲ ಉಪಾಯ, ಜಾಸ್ತಿ ಇಳಿಸಬೇಡಿ. 0.75ರವರೆಗೆ ಕೇಳಬಹುದು. 0.5ರಲ್ಲಿ ಚೆನ್ನಾಗಿ ಕೇಳಿಸಿದ ಕಛೇರಿ ವಿಡಿಯೊ ನನಗಂತೂ ಸಿಕ್ಕಿಲ್ಲ. ಬೇರೆ ಪ್ಲೇಯರಿನಲ್ಲೂ ಒಮ್ಮೆ ಹಾಕಿ ನೋಡಿ, ಬೆಸೆಯುವ ಜಾಣ್ಮೆ ಎಲ್ಲದರಲ್ಲೂ ಒಂದೇ ಇರುವುದಿಲ್ಲ. ಎಂಪಿವಿ ಎಂಬ ಉಚಿತ ಪ್ಲೇಯರ್ ಇದೆ. ಅದರಲ್ಲಿ ಚೌಕ ಬ್ರಾಕೆಟ್ಟಿನ ಕೀಗಳು ಸ್ಪೀಡು ಏರಿಸಿ ಇಳಿಸುತ್ತವೆ, ಬ್ಯಾಕ್‌ಸ್ಪೇಸ್ ಒತ್ತಿದರೆ ಮತ್ತೆ 1.

ದಿನಾ ಅದೇ ಪಾಠ ಕೇಳುವುದಾದರೆ ಅದರ ನಿಧಾನದ ಪ್ರತಿಯನ್ನೇ ಮಾಡಿಟ್ಟುಕೊಳ್ಳುವುದು ವಾಸಿ. ಪ್ಲೇಯರ್ ಆ ಗಳಿಗೆಯಲ್ಲೇ ಲೆಕ್ಕ ಮುಗಿಸಬೇಕು, ಎಡಿಟರಿಗೆ ಅಂಥ ಅವಸರವಿಲ್ಲ. ಉಚಿತವಾಗಿ ಸಿಗುವ ಅಡಾಸಿಟಿ ಎಂಬ ಆಡಿಯೊ ಎಡಿಟರಿನಲ್ಲಿ ವಿಡಿಯೊ ತೆರೆಯಿರಿ. ಎಂಪಿ4 ತೆರೆಯದಿದ್ದರೆ ಎಫ್‌ಎಫ್‌ಎಂಪೆಗ್ ಲೈಬ್ರರಿ ಹಾಕಿಕೊಳ್ಳಬೇಕು. ಕಂಟ್ರೋಲ್ ಜೊತೆ ಎ ಒತ್ತಿ ಪೂರ್ತಿ ಸೆಲೆಕ್ಟ್ ಮಾಡಿ. ಎಫೆಕ್ಟ್ ಮೆನುವಿನ 'ಪಿಚ್ ಅಂಡ್ ಟೆಂಪೊ' ಅಡಿಯಲ್ಲಿ 'ಚೇಂಜ್ ಟೆಂಪೊ' ಸಿಗುತ್ತದೆ. ಪಕ್ಕದಲ್ಲೇ 'ಚೇಂಜ್ ಸ್ಪೀಡ್ ಅಂಡ್ ಪಿಚ್' ಇರುತ್ತದೆ, ಅದನ್ನು ಮುಟ್ಟಬೇಡಿ, ಅದು ಹಳೆಯ ಟೇಪ್ ರೆಕಾರ್ಡರೇ. ಶೇಕಡಾವಾರು ಜಾಗದಲ್ಲಿ −25 ಹಾಕಿ. ಕೆಳಗೆ 'ಯೂಸ್ ಹೈ ಕ್ವಾಲಿಟಿ ಸ್ಟ್ರೆಚಿಂಗ್' ಎಂಬ ಟಿಕ್ ಇದೆ, ಹಾಕಿ. ಮೂರು ನಿಮಿಷದ ಪಾಠ ನಾಲ್ಕು ನಿಮಿಷವಾದರೆ ಲೆಕ್ಕ ಸರಿ. ಕೊನೆಗೆ ಡಬ್ಲ್ಯೂಎವಿ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ. ಮಗಳು ಈಗ ಇದನ್ನೇ ಕೇಳುತ್ತಾಳೆ.

ಪಟಪಟ ಸದ್ದು, ತುಂಡು ತುಂಡು ದನಿ

ಇದು ಬೇಗ ಓಡಿಸುವಾಗ ಬರುವ ಕಾಯಿಲೆ. ಸೆಕೆಂಡಿಗೆ 60 ಚಿತ್ರ ಇರುವ ವಿಡಿಯೊವನ್ನು 2ರಲ್ಲಿ ಹಾಕಿದರೆ ಕಂಪ್ಯೂಟರ್ 120 ಚಿತ್ರ ಬಿಚ್ಚಬೇಕು. ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ, ದನಿ ಕಡಿಯುತ್ತದೆ. 4ಕೆ ಬಿಟ್ಟು 720ಕ್ಕೆ ಇಳಿಸಿ, ಉಳಿದ ಕಿಟಕಿಗಳನ್ನು ಮುಚ್ಚಿ. ಎಚ್‌ಡಿಎಂಐ ಮೂಲಕ ಟಿವಿಗೆ ಜೋಡಿಸಿದ್ದು, ಸ್ಪೀಡು ಬದಲಿಸಿದೊಡನೆ ದನಿಯೇ ನಿಂತುಹೋಗುತ್ತಿದೆಯಾ? ಹಾಗಿದ್ದರೆ ವಿಎಲ್‌ಸಿಯ ಅದೇ ಆಡಿಯೊ ಭಾಗದಲ್ಲಿ ಪಾಸ್‌ಥ್ರೂ ಆಫ್ ಮಾಡಿ. ಅದು ಆನ್ ಇದ್ದರೆ ದನಿ ಬಿಚ್ಚದೆ ನೇರ ಟಿವಿಗೆ ಹೋಗುತ್ತದೆ, ಪ್ಲೇಯರಿಗೆ ತುಂಡು ಮಾಡಲು ಏನೂ ಸಿಗುವುದಿಲ್ಲ.

ವಿಡಿಯೊ ಎಡಿಟ್ ಮಾಡುವವರಿಗೆ ಒಂದೇ ಮಾತು. ಪ್ರೀಮಿಯರ್ ಪ್ರೊದಲ್ಲಿ ಸ್ಪೀಡು ಬದಲಿಸುವ ಕಿಟಕಿಯಲ್ಲೇ 'ಮೇಂಟೇನ್ ಆಡಿಯೊ ಪಿಚ್' ಇದೆ, ಕೆಡೆನ್‌ಲೈವ್‌ನಲ್ಲಿ 'ಪಿಚ್ ಕಾಂಪೆನ್ಸೇಶನ್'. ಎಕ್ಸ್‌ಪೋರ್ಟ್ ಮಾಡುವ ಮುಂಚೆ ಆ ಟಿಕ್ ಇದೆಯಾ ನೋಡಿಕೊಳ್ಳಿ, ಮೂಲ ಫೈಲನ್ನು ಅಳಿಸಬೇಡಿ.