ಮಾರಲು ಬೆಳೆದ ಚಿಯಾ ನಮ್ಮ ಅಡುಗೆಮನೆಗೆ ಬಂದದ್ದು

ಡಿಸೆಂಬರ್‌ನಲ್ಲಿ ಕೊಯ್ದ ಚಿಯಾ ಕಣದಲ್ಲಿ ಒಣಗುತ್ತಿತ್ತು. ಒಂದು ಸಂಜೆ ಇದ್ದಕ್ಕಿದ್ದಂತೆ ಮಳೆ ಬಂತು. ಟಾರ್ಪಾಲು ಎಳೆಯುವಷ್ಟರಲ್ಲಿ ಒಂದು ಮೂಲೆ ನೆನೆದು ಹೋಗಿತ್ತು. ಬೆಳಗ್ಗೆ ನೋಡಿದರೆ ತೆನೆಯೊಳಗಿನ ಬೀಜವೆಲ್ಲ ಲೋಳೆಯಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಬಿಸಿಲಿಗೆ ಹಾಕಿದ ಮೇಲೆ ಗಟ್ಟಿ ಉಂಡೆ. ಬಡಿದರೂ ಬಿಡಲಿಲ್ಲ. ಅಷ್ಟೂ ತಿಪ್ಪೆಗೆ ಹೋಯಿತು. ಹೊಟ್ಟೆ ಉರಿಯಿತು. ಆದರೆ ಆ ಲೋಳೆಯನ್ನು ಬೆರಳಲ್ಲಿ ತೀಡಿ ನೋಡುತ್ತಿದ್ದಾಗಲೇ ನನಗೆ ಮೊದಲ ಸಲ ಅನಿಸಿದ್ದು: ಪೇಟೆಯವರು ಇದನ್ನು ಯಾಕೆ ಅಷ್ಟು ದುಡ್ಡು ಕೊಟ್ಟು ತಿನ್ನುತ್ತಾರೆ ಅಂತ ನಾವು ಒಂದು ದಿನವೂ ಕೇಳಿಕೊಂಡಿಲ್ಲವಲ್ಲ.

ನಮ್ಮದು ಎಚ್.ಡಿ. ಕೋಟೆ ಕಡೆ. ಚಿಯಾದ ತವರು ಮೆಕ್ಸಿಕೊ, ಗ್ವಾಟೆಮಾಲ. ನಮ್ಮ ಸೀಮೆಯ ರೈತರಿಗೆ ಅದನ್ನು ಪರಿಚಯಿಸಿದ್ದು ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ. ತುಳಸಿಯ ಕುಟುಂಬದ ಗಿಡ. ಸೆಪ್ಟೆಂಬರ್ ಹೊತ್ತಿಗೆ ಬಿತ್ತಿದರೆ ಮೂರು, ಮೂರೂವರೆ ತಿಂಗಳಿಗೆ ಕೊಯ್ಲು. ಎಲೆಗೆ ಒಂದು ಘಾಟು ಇರುವುದಕ್ಕೋ ಏನೋ, ಕಾಡಂಚಿನ ನಮ್ಮ ಹೊಲದಲ್ಲಿ ಹಂದಿ, ಜಿಂಕೆ ಇದನ್ನು ಮುಟ್ಟಲಿಲ್ಲ. ಅದೇ ಕಾರಣಕ್ಕೆ ಮೂರು ವರ್ಷ ಬೆಳೆದೆವು. ಚೀಲ ಹೊಲಿದೆವು, ತೂಕ ಹಾಕಿ ಕಳಿಸಿದೆವು. ಮನೆಗೆ ಒಂದು ಹಿಡಿಯೂ ಇಟ್ಟುಕೊಳ್ಳಲಿಲ್ಲ.

ಅದೇ ಚಳಿಗಾಲದಲ್ಲಿ ಅತ್ತೆಗೆ ಮಲಬದ್ಧತೆ ಜಾಸ್ತಿಯಾಯಿತು. ಅವರಿಗೆ ಅರವತ್ತೆಂಟು. ಹಲ್ಲು ಹೋದ ಮೇಲೆ ಸೊಪ್ಪು, ಕಾಳು ಕಡಿಮೆ ಮಾಡಿ ಅನ್ನ, ತಿಳಿಸಾರಿಗೆ ಇಳಿದಿದ್ದರು. ನೀರೂ ಕುಡಿಯುತ್ತಿರಲಿಲ್ಲ. ವೈದ್ಯರು ನಾರಿನ ಅಂಶ ಇರುವ ಊಟ ಮಾಡಿ ಎಂದರು. ಚಿಯಾ ಕೊಡಬಹುದಾ ಎಂದು ಕೇಳಿದೆ. ಕೊಡಿ, ಆದರೆ ಚೆನ್ನಾಗಿ ನೆನೆಸಿ, ಬಿಪಿ ಮಾತ್ರೆ ತೆಗೆದುಕೊಳ್ಳುವ ಹೊತ್ತಿಗೆ ಬೇಡ, ನಡುವೆ ಅಂತರ ಇರಲಿ ಎಂದರು.

ಮೊದಲ ಕಷ್ಟ ಬೀಜ ಹಸನು ಮಾಡುವುದು. ರಾಗಿಯಂತೆ ಇದನ್ನು ತೊಳೆದು ಒಣಗಿಸಲು ಆಗುವುದಿಲ್ಲ. ನೀರು ಸೋಕಿದರೆ ಮುಗಿಯಿತು, ಕಣದಲ್ಲಿ ಆದದ್ದೇ ಆಗುತ್ತದೆ. ಹಾಗಾಗಿ ಎಲ್ಲವೂ ಒಣಗಿದ್ದಾಗಲೇ. ಸಣ್ಣ ಕಣ್ಣಿನ ಜರಡಿಯಲ್ಲಿ ಎರಡು ಸಲ ಆಡಿಸುತ್ತೇನೆ, ಮಣ್ಣಿನ ಪುಡಿ ಕೆಳಗೆ ಬೀಳುತ್ತದೆ. ಆಮೇಲೆ ಮೊರದಲ್ಲಿ ಮೆಲ್ಲಗೆ ಕೇರುತ್ತೇನೆ. ಜೋರಾಗಿ ಕೇರಿದರೆ ಹೊಟ್ಟಿನ ಜೊತೆ ಬೀಜವೂ ಹಾರುತ್ತದೆ, ಅಷ್ಟು ಹಗುರ. ಕೊನೆಗೆ ಬಿಳಿ ಬಟ್ಟೆಯ ಮೇಲೆ ಹರಡಿ ಕಲ್ಲು ಆರಿಸುವುದು. ಒಂದು ಕೆ.ಜಿ.ಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ.

ನೆನೆಸುವುದರಲ್ಲೂ ಮೊದಲ ದಿನ ತಪ್ಪು ಮಾಡಿದೆ. ಲೋಟಕ್ಕೆ ಮೂರು ದೊಡ್ಡ ಚಮಚ ಬೀಜ ಹಾಕಿ, ನೀರು ಹೊಯ್ದು ಬಿಟ್ಟುಬಿಟ್ಟೆ. ತಳದಲ್ಲಿ ಗಡ್ಡೆ ಕಟ್ಟಿತ್ತು, ಅದರ ನಡುವೆ ಒಣ ಬೀಜ ಹಾಗೇ ಇತ್ತು. ಅತ್ತೆಗೆ ಕೊಡುವ ಮೊದಲು ನಾನೇ ಅಷ್ಟನ್ನೂ ತಿಂದೆ. ಸಂಜೆವರೆಗೆ ಹೊಟ್ಟೆ ಉಬ್ಬರಿಸಿತು. ಈಗ ಒಂದು ದೊಡ್ಡ ಲೋಟ ನೀರಿಗೆ ಒಂದೇ ದೊಡ್ಡ ಚಮಚ. ಹಾಕಿದ ತಕ್ಷಣ ಒಮ್ಮೆ ಕದಡಬೇಕು, ಐದು ನಿಮಿಷ ಬಿಟ್ಟು ಇನ್ನೊಮ್ಮೆ. ಈ ಎರಡನೇ ಕದಡುವಿಕೆ ಮುಖ್ಯ. ಅರ್ಧ ಗಂಟೆ ಬಿಟ್ಟರೆ ಪ್ರತಿ ಬೀಜದ ಸುತ್ತ ಗಾಜಿನಂಥ ಪದರ ಬರುತ್ತದೆ. ಬೀಜ ತನ್ನ ತೂಕದ ಹತ್ತು ಪಟ್ಟಿನಷ್ಟು ನೀರು ಹಿಡಿಯುತ್ತದೆ. ಒಣ ಬೀಜ ಬಾಯಿಗೆ ಹಾಕಿಕೊಂಡು ನೀರು ಕುಡಿಯುವುದು ಅಪಾಯ ಅನ್ನುವುದು ಇದಕ್ಕೇ. 2014ರಲ್ಲಿ ಅಮೆರಿಕದಲ್ಲಿ ಒಬ್ಬರು ಹಾಗೆ ಮಾಡಿ ಬೀಜವೆಲ್ಲ ಅನ್ನನಾಳದಲ್ಲೇ ಉಬ್ಬಿ ನಿಂತು, ವೈದ್ಯರು ಅದನ್ನು ತೆಗೆಯಬೇಕಾಯಿತು. ವಯಸ್ಸಾದವರಿಗೆ, ಮಕ್ಕಳಿಗೆ ಒಣ ಬೀಜ ಕೊಡಲೇಬೇಡಿ.

"ಏನವ್ವ ಇದು, ಕಪ್ಪೆ ಮೊಟ್ಟೆ ಇದ್ದಂಗದೆ" ಎಂದು ಅತ್ತೆ ಲೋಟ ದೂರ ಇಟ್ಟರು. ನೀರಲ್ಲಿ ಕೊಟ್ಟಿದ್ದೇ ತಪ್ಪಾಯಿತು. ಚಿಯಾಕ್ಕೆ ತನ್ನದೇ ರುಚಿ ಇಲ್ಲ. ಮಾರನೇ ದಿನ ರಾಗಿ ಅಂಬಲಿ ಆರಿದ ಮೇಲೆ ನೆನೆದ ಚಿಯಾ, ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಸೇರಿಸಿ ಕೊಟ್ಟೆ. ಒಂದೂ ಮಾತಾಡದೆ ಕುಡಿದರು. ಅಕ್ಕಿರೊಟ್ಟಿ ಹಿಟ್ಟಿಗೂ ಹಾಕಿ ನೋಡಿದೆ, ಲೋಳೆ ಹಿಟ್ಟನ್ನು ಹಿಡಿದಿಡುತ್ತದೆ, ತಟ್ಟುವಾಗ ಅಂಚು ಒಡೆಯುವುದಿಲ್ಲ. ಮುದ್ದೆಗೆ ಮಾತ್ರ ಬೇಡ, ಜಾರುತ್ತದೆ.

ಹತ್ತು ದಿನದಲ್ಲಿ ಅತ್ತೆಗೆ ಸರಾಗವಾಯಿತು. ಇದರಲ್ಲಿ ನೀರಿನ ಪಾಲೂ ದೊಡ್ಡದು. ಚಿಯಾ ತಿಂದು ನೀರು ಕುಡಿಯದಿದ್ದರೆ ತೊಂದರೆ ಹೆಚ್ಚಾಗಬಹುದು. ಅದಕ್ಕೇ ದಿನಕ್ಕೆ ಆರೇಳು ಲೋಟ ನೀರು ನಾನೇ ನಿಂತು ಕುಡಿಸಿದೆ.

ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ ನನ್ನ ಚಮಚದ ಅಳತೆ 12 ಗ್ರಾಂ. 100 ಗ್ರಾಂ ಚಿಯಾದಲ್ಲಿ ಸುಮಾರು 34 ಗ್ರಾಂ ನಾರು ಇರುತ್ತದೆ, ಅಂದರೆ ಒಂದು ಚಮಚಕ್ಕೆ 4 ಗ್ರಾಂ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಒಂದೇ ಚಮಚದಿಂದ ಅದರ ಆರನೇ ಒಂದು ಪಾಲು ಬಂತು. ಹಲ್ಲಿಲ್ಲದವರಿಗೆ ಇದು ದೊಡ್ಡ ಸಹಾಯ. ಇನ್ನೊಂದು ಒಳ್ಳೆಯ ಗುಣ ಒಮೆಗಾ-3, ದೇಹಕ್ಕೆ ಬೇಕಾದ ಒಂದು ಬಗೆಯ ಕೊಬ್ಬು. 100 ಗ್ರಾಂಗೆ ಹೆಚ್ಚುಕಡಿಮೆ 18 ಗ್ರಾಂ. ನಮ್ಮ ಅಗಸೆಬೀಜದಲ್ಲೂ ಅದು ಧಾರಾಳ ಇದೆ. ಆದರೆ ಅಗಸೆಯನ್ನು ಪುಡಿ ಮಾಡಬೇಕು, ಪುಡಿ ಬೇಗ ಕಮಟು ವಾಸನೆ ಹಿಡಿಯುತ್ತದೆ. ಚಿಯಾವನ್ನು ಇಡಿಯಾಗಿ ನೆನೆಸಿಯೂ ತಿನ್ನಬಹುದು, ಆದರೆ ಪುಡಿ ಮಾಡಿದರೆ ಒಮೆಗಾ-3 ಹೆಚ್ಚು ದಕ್ಕುತ್ತದೆ. ಇಂಥ ಬೀಜದ ಒಮೆಗಾ-3 ಮೀನಿನದಕ್ಕೆ ಸಮ ಅಲ್ಲ, ದೇಹ ಅದರಲ್ಲಿ ಸ್ವಲ್ಪವನ್ನೇ ಮೀನಿನಲ್ಲಿರುವ ರೂಪಕ್ಕೆ ಬದಲಾಯಿಸಿಕೊಳ್ಳುತ್ತದೆ. ಕಬಿನಿ ಮೀನು ಸಿಕ್ಕ ದಿನ ನಾವು ಮೀನನ್ನೇ ತಿನ್ನುತ್ತೇವೆ.

ಕ್ಯಾಲ್ಸಿಯಂ ವಿಷಯದಲ್ಲಿ ಜನ ಮೋಸ ಹೋಗುತ್ತಾರೆ. 100 ಗ್ರಾಂ ಚಿಯಾದಲ್ಲಿ 630 ಮಿ.ಗ್ರಾಂ ಇರುವುದು ನಿಜ. ಆದರೆ ಯಾರು 100 ಗ್ರಾಂ ತಿನ್ನುತ್ತಾರೆ? ಒಂದು ಚಮಚಕ್ಕೆ ಬರುವುದು 75. ಅದೇ 100 ಗ್ರಾಂ ರಾಗಿಹಿಟ್ಟಿನ ಒಂದು ಮುದ್ದೆಯಲ್ಲಿ 340ಕ್ಕೂ ಮೇಲೆ. ಪ್ರೋಟೀನ್‌ಗೂ ಹಾಗೇ, ಹುರುಳಿಕಾಳು ಚಿಯಾಗಿಂತ ಮುಂದಿದೆ, ಬೆಲೆಯೂ ಕಡಿಮೆ. ಮುದ್ದೆ, ಹುರುಳಿ ಬಸ್ಸಾರು ಬಿಟ್ಟು ಚಿಯಾ ಹಿಡಿದರೆ ನಷ್ಟ ನಮಗೇ. ತೂಕ ಇಳಿಯುತ್ತದೆ ಎಂದು ನಂಬಿ ತಿನ್ನುವವರಿಗೂ ಇದೇ ಮಾತು. ಎಣ್ಣೆಬೀಜ ಅಲ್ವಾ, 100 ಗ್ರಾಂಗೆ 486 ಕ್ಯಾಲೊರಿ ಇದೆ. ನಾನು ವರ್ಷವಿಡೀ ತಿಂದೆ, ತೂಕ ಇದ್ದಷ್ಟೇ ಇದೆ.

ಪಕ್ಕದ ಮನೆಯವರು ನನ್ನ ಮಾತು ಕೇಳಿ ಪೇಟೆಯಿಂದ ಕಾಮಕಸ್ತೂರಿ ಬೀಜ ತಂದಿದ್ದರು. ಅದು ಬೇರೆ. ಕಾಮಕಸ್ತೂರಿ ಅಚ್ಚ ಕಪ್ಪು, ನೀರಿಗೆ ಹಾಕಿದ ಕೆಲವೇ ನಿಮಿಷಕ್ಕೆ ದಪ್ಪಗೆ ಉಬ್ಬುತ್ತದೆ. ಚಿಯಾದ ಮೇಲೆ ಬೂದು, ಕಂದು ಚುಕ್ಕೆ ಇರುತ್ತದೆ, ನಡುನಡುವೆ ಬಿಳಿ ಬೀಜವೂ ಇರುತ್ತದೆ, ನೆನೆಯಲು ಹೊತ್ತು ಬೇಕು. ಕಾಮಕಸ್ತೂರಿ ಬೇಸಿಗೆಯ ಶರಬತ್ತಿಗೆ ಚೆಂದ. ಮೇಲೆ ಹೇಳಿದ ಲೆಕ್ಕ ಮಾತ್ರ ಚಿಯಾದ್ದು.

ಈ ವರ್ಷ ಕಣ ಮುಗಿದ ದಿನ ಅತ್ತೆ ಬಂದು, ನಮಗೆ ಎಷ್ಟು ಬೇಕಾಗ್ತದೆ ಎಂದು ಕೇಳಿದರು. ಮೂರು ಜನ, ದಿನಕ್ಕೆ ತಲಾ ಒಂದು ಚಮಚ, ವರ್ಷಕ್ಕೆ 13 ಕೆ.ಜಿ. ಎಂದೆ. ವ್ಯಾಪಾರಿ ತಕ್ಕಡಿ ಹೂಡುವ ಮೊದಲೇ ಅಷ್ಟನ್ನೂ ಅಳೆಸಿ, ಒಣ ಡಬ್ಬಕ್ಕೆ ತುಂಬಿಸಿ, ನೀರಿನ ಹಂಡೆಯಿಂದ ದೂರ, ಅಟ್ಟದ ಮೇಲೆ ಇಡಿಸಿದರು.