ಮಸಲ್ ಕಾರಿಗೆ ಎರಡು ಕಾರ್ಬುರೇಟರ್: ಮೊದಲು ಲೆಕ್ಕ ಹಾಕಿ
ಎರಡು ಫೋರ್-ಬ್ಯಾರೆಲ್ (ನಾಲ್ಕು ಗಾಳಿದಾರಿಗಳ) ಕಾರ್ಬುರೇಟರ್ ಕೂರಿಸಿದರೆ ನೋಡೋಕೆ ಭರ್ಜರಿ, ಅಲ್ವಾ? ಆದರೆ ಸುಮ್ನೆ ದೊಡ್ಡದನ್ನು ತರಬೇಡಿ. ಎಂಜಿನ್ನಿನ ಕ್ಯೂಬಿಕ್ ಇಂಚನ್ನು ಗರಿಷ್ಠ ಆರ್‌ಪಿಎಂನಿಂದ ಗುಣಿಸಿ, 3456ರಿಂದ ಭಾಗಿಸಿ. 454 ಕ್ಯೂಬಿಕ್ ಇಂಚಿನ ಎಂಜಿನ್ 6000 ಆರ್‌ಪಿಎಂನಲ್ಲಿ ಹೆಚ್ಚೆಂದರೆ ಸುಮಾರು 788 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಗಾಳಿ ಎಳೆಯುತ್ತದೆ, ರಸ್ತೆ ಎಂಜಿನ್ ಆದರೆ ಅದರ ಶೇ. 85ರಷ್ಟು ಇಟ್ಟುಕೊಳ್ಳಿ. ಹಾಗಾದರೆ 500 ಸಿಎಫ್‌ಎಂನ ಎರಡು ಕಾರ್ಬುರೇಟರ್ ಜಾಸ್ತಿ ಆಗಲ್ವಾ? ಸೆಕೆಂಡರಿಗಳು (ಹೆಚ್ಚು ಗಾಳಿ ಬೇಕಾದಾಗ ತೆರೆಯುವ ಬ್ಯಾರೆಲ್‌ಗಳು) ವ್ಯಾಕ್ಯೂಮ್ ಅಥವಾ ಏರ್ ವಾಲ್ವ್‌ನಿಂದ ತೆರೆಯುವಂಥವಾದರೆ ತೊಂದರೆಯಿಲ್ಲ, ಎಂಜಿನ್ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಪೆಡಲ್ ಒತ್ತಿದಂತೆ ತೆರೆಯುವ ಮೆಕ್ಯಾನಿಕಲ್ ಸೆಕೆಂಡರಿ ರೇಸಿಗೆ ಸರಿ.

ರಸ್ತೆಗೆ ಪ್ರೋಗ್ರೆಸಿವ್ ಲಿಂಕೇಜ್ (ಒಂದು ಕಾರ್ಬುರೇಟರ್ ಮೊದಲು, ಇನ್ನೊಂದು ಆಮೇಲೆ ತೆರೆಯುವ ಜೋಡಣೆ) ಹಾಕಿ. ಕ್ರೈಸ್ಲರ್‌ನ 426 ಸ್ಟ್ರೀಟ್ ಹೆಮಿ ಎಂಜಿನ್ನಿನಲ್ಲೂ ಹೀಗೇ: ಎರಡು ಕಾರ್ಟರ್ ಎಎಫ್‌ಬಿ ಕಾರ್ಬುರೇಟರ್, ಹಿಂದಿನದು ಮೊದಲು ತೆರೆದು ಮುಂದಿನದು ಆಮೇಲೆ. ಟನಲ್ ರ‍್ಯಾಮ್ ಮ್ಯಾನಿಫೋಲ್ಡ್ (ಕಾರ್ಬುರೇಟರ್‌ನಿಂದ ಎಂಜಿನ್‌ಗೆ ಗಾಳಿ ಒಯ್ಯುವ ಎತ್ತರದ ಕೊಳವೆಗಳು) ಕೆಳ ಆರ್‌ಪಿಎಂನಲ್ಲಿ ಸೊರಗುತ್ತದೆ, ಬಾನೆಟ್‌ಗೂ ತಾಗೀತು. ಅಳತೆ ತೆಗೆದೇ ಕೊಳ್ಳಿ.