ದೀಪದವರನ್ನು ಕೇಳಿಕೊಂಡು ತೆಗೆದ ಆರತಕ್ಷತೆಯ ಚಿತ್ರಗಳು

ಚಿಕ್ಕಪ್ಪನ ಮಗಳ ಮದುವೆ ತಿಪಟೂರಿನಲ್ಲಿ. ಮುಹೂರ್ತ ಭಾನುವಾರ ಬೆಳಿಗ್ಗೆ, ಆರತಕ್ಷತೆ ಹಿಂದಿನ ಸಂಜೆ ಏಳಕ್ಕೆ. "ವಿಡಿಯೋದವರಿಗೆ ಹೇಳಿದ್ದೇನೆ, ಫೋಟೋಗೆ ಹೇಗೂ ನೀನಿದ್ದೀಯಲ್ಲ" ಎಂದರು ಚಿಕ್ಕಪ್ಪ. ಒಪ್ಪಿಕೊಂಡೆ. ಅದುವರೆಗೆ ನಾನು ತೆಗೆದಿದ್ದೆಲ್ಲ ಹಗಲಿನ ಚಿತ್ರಗಳೇ: ತೆಂಗಿನ ತೋಟ, ಕೆರೆಯ ಏರಿ, ಜಾತ್ರೆಯ ತೇರು. ಜೊತೆಗಿದ್ದದ್ದು ಕ್ಯಾಮೆರಾದೊಂದಿಗೇ ಬಂದ 18-55 ಜೂಮ್ ಲೆನ್ಸ್, ಗೆಳೆಯನಿಂದ ತಂದ, ಜೂಮ್ ಇಲ್ಲದ 50 ಎಂಎಂ ಲೆನ್ಸ್ ಮತ್ತು ಒಂದು ಫ್ಲ್ಯಾಶ್.

ಮೊದಲ ಇಪ್ಪತ್ತು ನಿಮಿಷ ಪೂರ್ತಿ ಹಾಳಾಯಿತು. ಜನರಿಗೆ ಅಡ್ಡ ಬರಬಾರದೆಂದು ಕುರ್ಚಿಗಳ ಹಿಂದೆ ನಿಂತು, 18-55 ಅನ್ನು ಕೊನೆಯವರೆಗೆ ಜೂಮ್ ಮಾಡಿ, ಆಟೋದಲ್ಲಿಟ್ಟು ತೆಗೆಯುತ್ತಾ ಹೋದೆ. ಆ ತುದಿಯಲ್ಲಿ ಲೆನ್ಸ್ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು, ಬೆಳಕು ಹೆಚ್ಚು). ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕೆಂದು ಹೇಳುವ ಐಎಸ್ಓ 1600ಕ್ಕೆ ನಿಂತಿತ್ತು, ಶಟರ್ ತೆರೆದಿರುವ ಹೊತ್ತು ಸೆಕೆಂಡಿನ 1/30ಕ್ಕೆ ಇಳಿದಿತ್ತು, ಅಲುಗುವುದನ್ನು ಹಿಡಿಯಲು ಅದು ತೀರಾ ನಿಧಾನ. ಅಕ್ಷತೆ ಹಾಕುವ ಕೈ, ನಮಸ್ಕರಿಸಲು ಬಗ್ಗುವ ತಲೆ, ಎಲ್ಲವೂ ಕಲಸಿಹೋದವು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಸರಿಯಾಗಿಯೇ ಕಾಣುತ್ತಿತ್ತು. ದೊಡ್ಡದು ಮಾಡಿ ನೋಡಿದಾಗ ಎದೆ ಧಸಕ್ಕೆಂದಿತು.

ಫ್ಲ್ಯಾಶ್ ಹಾಕಿದೆ. ನೇರವಾಗಿ ಹೊಡೆದರೆ ಮುಖಕ್ಕೆ ಸುಣ್ಣ ಬಳಿದಂತೆ, ಹಿಂದೆ ಕತ್ತಲು. ಚಾವಣಿಗೆ ತಿರುಗಿಸಿದರೆ ಅಲ್ಲಿ ಕಟ್ಟಿದ್ದ ಗುಲಾಬಿ ಬಟ್ಟೆಯ ಬಣ್ಣವೇ ಎಲ್ಲರ ಮೇಲೂ ಇಳಿಯಿತು. ಫ್ಲ್ಯಾಶನ್ನು ಚೀಲಕ್ಕೆ ಸೇರಿಸಿದೆ.

ಆಮೇಲೆ ಐದು ನಿಮಿಷ ಚಿತ್ರ ತೆಗೆಯದೆ, ಬೆಳಕು ಎಲ್ಲಿಂದ ಬರುತ್ತಿದೆ ಎಂದಷ್ಟೇ ನೋಡಿದೆ. ವೇದಿಕೆಯ ಎರಡೂ ಬದಿಯಲ್ಲಿ ಬಣ್ಣ ಬದಲಿಸುವ ಎಲ್ಇಡಿ ದೀಪಗಳು: ನೇರಳೆ, ನೀಲಿ, ಮತ್ತೆ ನೇರಳೆ. ಆದರೆ ಗುಂಪು ಬಂದು ನಿಂತಾಗಲೆಲ್ಲ ವಿಡಿಯೋ ಹುಡುಗ ತನ್ನ ಬಿಳಿ ದೀಪ ಎತ್ತಿ ಹಿಡಿಯುತ್ತಿದ್ದ. ಆ ಹೊತ್ತಿನಲ್ಲಿ ಮಾತ್ರ ಮುಖಗಳು ಮುಖಗಳಂತೆ ಕಾಣುತ್ತಿದ್ದವು. ಹತ್ತಿರ ಹೋಗಿ ಕೇಳಿದೆ: "ಅಣ್ಣ, ನಿಮ್ಮದು ಮುಗಿದ ಮೇಲೆ ಎರಡು ಸೆಕೆಂಡ್ ದೀಪ ಹಾಗೇ ಇರಲಿ." ಅವನು ದೀಪವನ್ನು ತಲೆಯೆತ್ತರದ ಸ್ಟ್ಯಾಂಡಿಗೆ ಹಾಕಿ ವೇದಿಕೆಯ ಎಡಕ್ಕೆ ಸರಿಸಿ, "ನೀವು ಬಲಗಡೆ ಬನ್ನಿ, ನನ್ನ ಪಕ್ಕ ನಿಂತರೆ ಮುಖ ಚಪ್ಪಟೆಯಾಗುತ್ತದೆ" ಎಂದ. ಹೇಳಿದಂತೆ ಮಾಡಿದೆ. ಮೂಗಿನ ಪಕ್ಕ ಮೆಲ್ಲಗೆ ನೆರಳು ಬಿತ್ತು. ಹುಡುಗಿಯ ಬೈತಲೆ ಬೊಟ್ಟು, ಸೀರೆಯ ಜರಿ ಎರಡಕ್ಕೂ ಜೀವ ಬಂತು.

50 ಎಂಎಂ ಲೆನ್ಸ್ ಹಾಕಿ ಎಲ್ಲವನ್ನೂ ಕೈಯಾರೆ ಹೊಂದಿಸಿದೆ: ಎಫ್ 2.8, ಶಟರ್ 1/125, ಐಎಸ್ಓ 1600. ಆ ಲೆನ್ಸ್ ಎಫ್ 1.8ರವರೆಗೆ ತೆರೆಯುತ್ತದೆ, 5.6ಕ್ಕೆ ಹೋಲಿಸಿದರೆ ಸುಮಾರು ಹತ್ತು ಪಟ್ಟು ಬೆಳಕು. ಆಸೆಯಿಂದ ಹಾಗೆ ತೆಗೆದೂ ನೋಡಿದೆ. ಕಿಂಡಿ ಹೆಚ್ಚು ತೆರೆದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕಡಿಮೆ: ಹುಡುಗಿಯ ಕಣ್ಣು ಸ್ಪಷ್ಟ, ಅರ್ಧ ಹೆಜ್ಜೆ ಹಿಂದಿದ್ದ ಮದುಮಗ ಮಸುಕು. ಜೋಡಿಗೆ 2.8, ಅಕ್ಕಪಕ್ಕ ಎಂಟು ಜನ ನಿಂತರೆ 4, ಐಎಸ್ಓ 3200. ಫೋಕಸನ್ನು ನಡುವಿನ ಚುಕ್ಕೆಗೆ ಕಟ್ಟಿಹಾಕಿ, ಕಣ್ಣಿಗೋ ಮೂಗುತಿಗೋ ಹಿಡಿದೆ.

ನೇರಳೆ ಮಾತ್ರ ಬಿಡಲಿಲ್ಲ. ಆ ಬಣ್ಣ ಜೋರಾಗಿ ಬಿದ್ದ ಕಡೆ ಕೆನ್ನೆಯ ವಿವರವೇ ಅಳಿಸಿಹೋಗುತ್ತದೆ. ಆಮೇಲೆ ತಿದ್ದಲು ಹೆಚ್ಚು ಅವಕಾಶವಿರುವ, ಕ್ಯಾಮೆರಾದ ಕಚ್ಚಾ 'ರಾ' ಕಡತದಲ್ಲಿಯೂ ಅದು ಮರಳಿ ಸಿಗುವುದಿಲ್ಲ. ಕೊನೆಗೆ ಲೈಟಿನವರ ಬಳಿಯೇ ಹೋದೆ. "ಅರ್ಧ ಗಂಟೆ ಬಿಳಿಯಲ್ಲೇ ನಿಲ್ಲಿಸುತ್ತೀರಾ? ಮನೆಯವರ ಚಿತ್ರಗಳಷ್ಟೇ ಬಾಕಿ." ಅವರು ಒಂದು ಗುಂಡಿ ಒತ್ತಿದರು, ಮುಗಿಯಿತು. ಯಾವ ಲೆನ್ಸ್ ಬೇಕೆಂದು ವಾರವಿಡೀ ಓದಿದ್ದೆ. ಛತ್ರದಲ್ಲಿ ಬೆಳಕು ಮನುಷ್ಯರ ಕೈಯಲ್ಲಿರುತ್ತದೆ, ಅವರನ್ನು ಕೇಳಬಹುದು ಎಂಬುದು ಹೊಳೆದೇ ಇರಲಿಲ್ಲ.

ಊಟದ ಮನೆಯ ಲೆಕ್ಕವೇ ಬೇರೆ. ಅಲ್ಲಿ ಹಳೆಯ ಚೋಕಿನ ಟ್ಯೂಬ್‌ಲೈಟುಗಳು. ನಮ್ಮ ವಿದ್ಯುತ್ತು 50 ಹರ್ಟ್ಸ್, ಹಾಗಾಗಿ ಅವು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. 1/250ರಲ್ಲಿ ತೆಗೆದ ಒಂದು ಚಿತ್ರ ಹಳದಿ, ಮುಂದಿನದು ಕಪ್ಪು. ಪ್ರತಿ ಚಿತ್ರಕ್ಕೂ ಒಂದು ಪೂರ್ತಿ ಮಿನುಗು ಸಿಗುವಂತೆ 1/100ಕ್ಕೆ ಇಳಿಸಿದ ಕೂಡಲೇ ಎಲ್ಲ ಸಮವಾದವು. ಗೋಡೆಯೂ ಬಿಳಿ, ಚಾವಣಿಯೂ ಬಿಳಿ. ಚೀಲದಲ್ಲಿದ್ದ ಫ್ಲ್ಯಾಶಿಗೆ ಇಲ್ಲಿ ಕೆಲಸ ಸಿಕ್ಕಿತು. ಚಾವಣಿಗೆ ಹೊಡೆದರೆ ಅಜ್ಜಿಯ ಕಣ್ಣುಗುಳಿಗಳಲ್ಲಿ ನೆರಳು ತುಂಬುತ್ತಿತ್ತು, ಪಕ್ಕದ ಗೋಡೆಗೆ ತಿರುಗಿಸಿದೆ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ "ಸಾಕು, ಸಾಕು" ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದ ಅಜ್ಜಿ: ಆ ರಾತ್ರಿಯ ನನ್ನ ಅತ್ಯುತ್ತಮ ಚಿತ್ರ ಅದೇ.

ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಾಗ ಐಎಸ್ಓ 3200ರ ಚಿತ್ರಗಳ ಕಾಳುಕಾಳು ನೋಡಿ ಹೆದರಿದ್ದೆ. ಆಲ್ಬಮ್ ಅಚ್ಚಾಗಿ ಬಂದಾಗ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಆದರೆ ಆ ಮೊದಲ ಇಪ್ಪತ್ತು ನಿಮಿಷದಲ್ಲೇ ದೊಡ್ಡಪ್ಪ ಬಂದು, ಹರಸಿ, ಬೇಗ ಊಟ ಮುಗಿಸಿ ರಾತ್ರಿಯ ಬಸ್ಸಿಗೆ ಹೊರಟುಹೋಗಿದ್ದರು. ಅವರ ಒಂದು ಚಿತ್ರವೂ ನನ್ನ ಬಳಿ ನೆಟ್ಟಗಿರಲಿಲ್ಲ. ವಿಡಿಯೋ ಹುಡುಗನಿಗೆ ಫೋನ್ ಮಾಡಿದೆ. ಅವನು ಹುಡುಕಿ, ದೊಡ್ಡಪ್ಪ ಹುಡುಗಿಯ ತಲೆಯ ಮೇಲೆ ಕೈಯಿಟ್ಟು ನಿಂತ ಕ್ಷಣವನ್ನು ವಿಡಿಯೋದಿಂದ ಬಿಡಿಸಿ ಕಳುಹಿಸಿದ. 1920 ಅಡ್ಡ, 1080 ಉದ್ದದ ಚುಕ್ಕೆಗಳು. ಅಚ್ಚಿನಲ್ಲಿ ಆರು ಇಂಚು ಅಗಲಕ್ಕಿಂತ ಹೆಚ್ಚು ಹಿಗ್ಗಿಸಲಾಗಲಿಲ್ಲ. ಆಲ್ಬಮ್ಮಿನ ಮೂರನೆಯ ಪುಟದಲ್ಲಿ ಅಷ್ಟೇ ಗಾತ್ರದಲ್ಲಿ ಅದನ್ನು ಹಾಕಿಸಿದೆ.